ಅಪ್ಪನ ಮುಖದ ಮೇಲಿನ ಗೆರೆ

ನಮ್ಮ ಮನೆಯ ಸ್ಕ್ಯಾನರನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಂದು ಹೇಳದವರು ಡೊಂಬಿವಲಿಯಲ್ಲಿ ಯಾರೂ ಉಳಿದಿರಲಿಲ್ಲ. ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಯವನಂತೂ ಅದನ್ನು ಮುಟ್ಟಿಯೂ ನೋಡಲಿಲ್ಲ. "ಮ್ಯಾಡಮ್, ಇಸ್ಕಾ ಡ್ರೈವರ್ ಅಬ್ ಆತಾ ಹೀ ನಹೀ, ನಯಾ ಲೇ ಲೋ," ಎಂದು ಹೊಸದರ ಡಬ್ಬಿಯನ್ನು ಮುಂದೆ ತಳ್ಳಿದ. ದೀಪ ಹತ್ತುತ್ತದೆ, ಒಳಗಿನ ಮೋಟರು ಓಡುತ್ತದೆ, ಆದರೆ ಇದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಈಗ ಬರುವುದಿಲ್ಲ, ಹೊಸ ವಿಂಡೋಸಿಗೆ ಇದರ ಗುರುತಿಲ್ಲ ಎಂಬ ಒಂದೇ ಕಾರಣಕ್ಕೆ ಸತ್ತುಹೋಯಿತಂತೆ. ನನಗೆ ಮೈಯೆಲ್ಲ ಉರಿಯಿತು. ಸ್ಕ್ಯಾನರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ಹೊತ್ತೆ.

ಹಟಕ್ಕೆ ಕಾರಣವಿತ್ತು. ಅಪ್ಪ ಹುಡುಗನಾಗಿ ಊರಿನಿಂದ ಬಂದು ಥಾಣೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದವರು. ಅಕ್ಷರ ಕಲಿತದ್ದು ಕೆಲಸ ಮುಗಿಸಿ ಹೋಗುತ್ತಿದ್ದ ಕನ್ನಡ ರಾತ್ರಿಶಾಲೆಯಲ್ಲಿ. ಆ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಹಳೆಯ ಸಮಿತಿಯವರು ಒಂದು ಸ್ಮರಣಸಂಚಿಕೆ ತರುತ್ತಾರೆ ಎಂದು ಗೊತ್ತಾದಾಗ ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಅಪ್ಪನ ತರಗತಿಯ ಗ್ರೂಪ್ ಫೋಟೋ ನಮ್ಮಲ್ಲಿತ್ತು. ದಪ್ಪ ರಟ್ಟಿಗೆ ಅಂಟಿಸಿದ್ದು, ಹಿಂದಿನ ಸಾಲಿನ ಎಡತುದಿಯಲ್ಲಿ ಅಪ್ಪ, ಯಾರದೋ ದೊಡ್ಡ ಅಂಗಿ ಹಾಕಿಕೊಂಡು. ಅದು ಸಂಚಿಕೆಯಲ್ಲಿ ಬರಬೇಕೆಂದು ಅಮ್ಮನಿಗೆ ಆಸೆ. ಅಮ್ಮ ಬಾಯಿಬಿಟ್ಟು ಏನಾದರೂ ಬೇಕೆಂದದ್ದು ನಾನು ಅಪರೂಪಕ್ಕೆ ಕೇಳಿದ್ದೆ.

ಸಮಿತಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. "ಗ್ರೂಪ್ ಫೋಟೋ ಯಾರು ನೋಡ್ತಾರೆ ಹೇಳಿ? ಅಧ್ಯಕ್ಷರದ್ದು, ದಾನಿಗಳದ್ದೇ ತುಂಬಾ ಉಂಟು," ಎಂದರು. ಶಾಲೆ ನಡೆದದ್ದು ಅಧ್ಯಕ್ಷರು ಪಾಠ ಕಲಿಯಲೆಂದಾ ಎಂದು ಕೇಳಿಯೇ ಬಿಟ್ಟೆ. ಆಮೇಲೆ, "ಆಯ್ತು, ಮುಖಗಳು ಸ್ಪಷ್ಟ ಕಾಣುವ ಹಾಗೆ ಸ್ಕ್ಯಾನ್ ಮಾಡಿ ಸೋಮವಾರದೊಳಗೆ ಕಳಿಸಿ. ಮೊಬೈಲಲ್ಲಿ ತೆಗೆದದ್ದು ಬೇಡ," ಎಂದರು.

ನಾನು ಥಾಣೆಯ ನೌಪಾಡಾದ ಒಂದು ಪ್ರೆಸ್ಸಿನಲ್ಲಿ ಕನ್ನಡ ಡಿಟಿಪಿ ಮಾಡುತ್ತಿದ್ದೆ. ಅಲ್ಲಿ ಒಳ್ಳೆಯ ಸ್ಕ್ಯಾನರೇ ಇತ್ತು. ಆದರೆ ಅಮ್ಮ ಫೋಟೋವನ್ನು ಹೊಸಿಲು ದಾಟಿಸಲು ತಯಾರಿರಲಿಲ್ಲ. ಅವರ ಮದುವೆಯ ಫೋಟೋವನ್ನು ದೊಡ್ಡದು ಮಾಡಿಕೊಡುತ್ತೇನೆಂದು ತೆಗೆದುಕೊಂಡ ಸ್ಟುಡಿಯೋದವನು ಹಿಂದೊಮ್ಮೆ ಅದನ್ನು ಕಳೆದೇ ಹಾಕಿದ್ದ. "ನಿನ್ನ ಮಿಷಿನು ಇಲ್ಲೇ ಉಂಟಲ್ಲ, ಅದರಲ್ಲೇ ಮಾಡು," ಎಂದರು ಅಮ್ಮ. ಲೋಕಲ್ ರೈಲಿನ ನೂಕುನುಗ್ಗಲು ನೆನೆದರೆ ಅವರ ಮಾತನ್ನು ತೆಗೆದುಹಾಕುವ ಹಾಗೂ ಇರಲಿಲ್ಲ.

ಅಂತೂ ಮನೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿದೆ. ಹಳೆಯ ಯಂತ್ರಗಳನ್ನು ಅದು ಕೈಬಿಡುವುದಿಲ್ಲ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕ್ ಎಂದು ರೈಲುಗಳೂ ಇಲ್ಲ, ಎಲ್ಲಿಗೂ ಹೋಗುವಂತಿಲ್ಲ. ಬೆಳಗಿನ ಚಾ ಮುಗಿಸಿ ಕೂತೆ. ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಕೊಟ್ಟರೆ ಸ್ಕ್ಯಾನರ್ ಕಾಣುತ್ತಿದೆ ಎನ್ನುತ್ತದೆ, ಸ್ಕ್ಯಾನ್ ಮಾಡುವ ಪ್ರೋಗ್ರಾಂ ತೆರೆದರೆ ಅಂಥದ್ದು ಇಲ್ಲವೇ ಇಲ್ಲ ಎನ್ನುತ್ತದೆ. ಕೇಬಲ್ ಬದಲಿಸಿದೆ, ಇನ್ನೊಂದು ತೂತಿಗೆ ಚುಚ್ಚಿದೆ. ಕೊನೆಗೆ ಅಡ್ಮಿನ್ ಅಧಿಕಾರದಲ್ಲಿ ಅದೇ ಪ್ರೋಗ್ರಾಂ ನಡೆಸಿದಾಗ ಸ್ಕ್ಯಾನರ್ ಗುರ್ ಎಂದಿತು. ವಿಷಯ ಇಷ್ಟೇ: ಸ್ಕ್ಯಾನರ್ ಬಳಸಬಹುದಾದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಮನೆ, ನನ್ನ ಕಂಪ್ಯೂಟರ್, ನನಗೇ ಪರ್ಮಿಷನ್ ಇಲ್ಲ! ನನ್ನ ಹೆಸರನ್ನು ನಾನೇ ಸೇರಿಸಿಕೊಂಡೆ. ಅಮ್ಮನಿಗೆ ವಿವರಿಸಿದರೆ, "ನಮಗೆ ಎಲ್ಲಿ ಹೋದರೂ ಇದೇ ಕಥೆ," ಎಂದು ಬಟಾಟೆ ಹೆಚ್ಚುತ್ತಾ ನಕ್ಕರು.

ಆದರೆ ಫೋಟೋ ಬಂದಾಗ ನಗು ನಿಂತಿತು. ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ, ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣದ್ದು, ಸರಿಯಾಗಿ ಅಪ್ಪನ ಮುಖವನ್ನು ಸೀಳಿಕೊಂಡು ಹೋಗಿತ್ತು. ಗಾಜು ಒರೆಸಿದೆ. ಗೆರೆ ಅಲ್ಲೇ. ಬರೀ ಬಿಳಿ ಕಾಗದ ಇಟ್ಟೆ, ಅದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಫೋಟೋದ ತಪ್ಪಲ್ಲ ಎಂದಾಯಿತು. ಫೋಟೋ ಗಾಜಿನ ತುಂಬಾ ಇದ್ದುದರಿಂದ ಅತ್ತಿತ್ತ ಸರಿಸಲು ಜಾಗವಿಲ್ಲ, ತಲೆಕೆಳಗು ಮಾಡಿ ಇಟ್ಟೆ. ಈಗ ಅಪ್ಪ ಸ್ವಚ್ಛ. ಗೆರೆ ಬಲಗಡೆ ನಿಂತಿದ್ದ ಬೇರೊಬ್ಬ ಹುಡುಗನ ಮೇಲೆ ಬಿದ್ದಿತ್ತು, ಹಣೆಯಿಂದ ಗದ್ದದವರೆಗೆ.

"ಆಯ್ತಮ್ಮಾ, ಇದನ್ನೇ ಕಳಿಸುವಾ," ಎಂದೆ. ಬೆನ್ನು ನೋಯುತ್ತಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಈ ಹುಡುಗ ಯಾರು?"

"ಯಾರಿಗೆ ಗೊತ್ತು."

"ಅವನ ಮನೆಯವರೂ ಪುಸ್ತಕ ತೆರೆದು ನೋಡುದಿಲ್ವಾ? ಇವರ ಮುಖ ಉಳಿಸ್ಲಿಕ್ಕೆ ಅವನ ಮುಖ ಹಾಳು ಮಾಡುದಾ? ಬೇಡ ಮಾರಾಯ್ತಿ."

ಕಂಪ್ಯೂಟರಿನಲ್ಲೇ ಗೆರೆಗೆ ತೇಪೆ ಹಾಕಬಹುದಿತ್ತು, ಪ್ರೆಸ್ಸಿನಲ್ಲಿ ದಿನಾ ಮಾಡುವ ಕೆಲಸ. ಆದರೆ ಅಷ್ಟು ಸಣ್ಣ ಮುಖಕ್ಕೆ ತೇಪೆ ಎಂದರೆ ಕಣ್ಣು ಮೂಗನ್ನು ನಾನೇ ಬಿಡಿಸಿದ ಹಾಗೆ. ಬೇಡವೆನಿಸಿತು. ಮತ್ತೆ ಇಂಟರ್‌ನೆಟ್ ಹುಡುಕಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಪ್ರತಿ ಸಲ ಸ್ಕ್ಯಾನ್ ಮಾಡುವ ಮೊದಲು ಯಂತ್ರ ಗಾಜಿನ ಅಂಚಿನ ಕೆಳಗಿರುವ ಒಂದು ಬಿಳಿ ಪಟ್ಟಿಯನ್ನು ನೋಡಿ ಬಿಳಿ ಎಂದರೆ ಯಾವುದೆಂದು ತಿಳಿದುಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಕೊಳೆ ಕೂತರೆ ಪುಟದುದ್ದಕ್ಕೂ ಗೆರೆ ಬೀಳುತ್ತದೆ. ಕೊಳೆಯ ಬಣ್ಣಕ್ಕೆ ವಿರುದ್ಧವಾದ ಬಣ್ಣದ ಗೆರೆ.

ಸ್ಕ್ರೂ ಬಿಚ್ಚಿದೆ. ಅಮ್ಮ ಗಾಜನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಬಿಳಿ ಪಟ್ಟಿಯ ಮೇಲೆ ಸಾಸಿವೆಯಷ್ಟು ಕೆಂಪು ಪುಡಿ. ಕೆಂಪಿಗೆ ವಿರುದ್ಧ ಬಣ್ಣ ಆ ಹಸಿರುನೀಲಿಯೇ.

ಕುಂಕುಮ.

ಇಬ್ಬರೂ ಒಟ್ಟಿಗೆ ಗುರುತು ಹಿಡಿದೆವು. ಕಳೆದ ಆಯುಧಪೂಜೆಗೆ ಮಿಕ್ಸಿ, ಹೊಲಿಗೆ ಯಂತ್ರ, ಕಂಪ್ಯೂಟರ್, ಸ್ಕ್ಯಾನರ್ ಎಲ್ಲವನ್ನೂ ಸಾಲಾಗಿ ಇಟ್ಟಿದ್ದೆವು. ಅಮ್ಮ ಎಂದಿನಂತೆ ಕುಂಕುಮದ ಬಟ್ಟಲಿಗೆ ಕೈ ಹಾಕಿದರು. ಕಲ್ಯಾಣದಿಂದ ಬಂದಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಸ್ವಂತ ಅಕ್ಕ, "ನೀನು ಮುಟ್ಟಬೇಡ, ಮಗಳು ಹಚ್ಚಲಿ. ವಿಧವೆಯ ಕೈಯಲ್ಲಿ ಹಚ್ಚಿದರೆ ಏಳಿಗೆ ಆಗ್ಲಿಕ್ಕಿಲ್ಲ," ಎಂದು ಎಲ್ಲರೆದುರು ಹೇಳಿದ್ದರು. ನಾನು ಸಿಟ್ಟಿನಲ್ಲಿ ಬಟ್ಟಲನ್ನು ಅಮ್ಮನ ಕೈಗೇ ಕೊಟ್ಟಿದ್ದೆ. ಅಮ್ಮನೂ ಹಟಕ್ಕೆ ಬಿದ್ದು ಚಿಟಿಕೆಗೆ ಬದಲು ಹಿಡಿ ತುಂಬ ತೆಗೆದುಕೊಂಡು, ಸ್ಕ್ಯಾನರಿನ ಮುಚ್ಚಳ ತೆರೆದು ಗಾಜಿನ ಅಂಚಿಗೇ ಬಳಿದಿದ್ದರು. ಆ ಸಂದಿಯಲ್ಲಿ ಪುಡಿ ಒಳಗಿಳಿದಿತ್ತು.

ಅಮ್ಮ ಗಾಜನ್ನು ಮೆಲ್ಲಗೆ ಟೇಬಲಿನ ಮೇಲೆ ಇಟ್ಟರು. "ಅಕ್ಕ ಹೇಳಿದ್ದೇ ಸರಿ ಆಯ್ತಲ್ಲ. ನಿನ್ನಪ್ಪನ ಮುಖದ ಮೇಲೇ ಬಿತ್ತು ನೋಡು," ಎಂದರು.

ನನಗೆ ಎಲ್ಲಿಲ್ಲದ ಕೋಪ ಬಂತು. ಅಮ್ಮನ ಮೇಲಲ್ಲ. "ಮುತ್ತೈದೆಯರು ಹತ್ತು ಜನ ಸೇರಿ ಹಚ್ಚಿದ್ದರೂ ಪುಡಿ ಸಂದಿಯಲ್ಲೇ ಇಳೀತಿತ್ತು! ಯಾರ ಕೈ ಅಂತ ಅದು ಕೇಳಿಕೊಂಡು ಬೀಳ್ತದಾ?" ಎಂದು ಕೂಗಾಡಿದೆ. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ನೋಡಲಿ. ಕನ್ನಡಕ ಒರೆಸುವ ಬಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, "ನೀನೇ ಒರೆಸು," ಎಂದೆ. ಅಮ್ಮ ಉಸಿರು ಬಿಗಿಹಿಡಿದು, ಮಗುವಿನ ಕಣ್ಣಿನ ಕಸ ತೆಗೆಯುವ ಹಾಗೆ ಒರೆಸಿದರು.

ಸ್ಕ್ರೂ ಬಿಗಿದು ಮತ್ತೆ ಸ್ಕ್ಯಾನ್ ಕೊಟ್ಟೆ. ಚಿತ್ರ ಮೇಲಿನಿಂದ ನಿಧಾನಕ್ಕೆ ಇಳಿಯುತ್ತಾ ಬಂತು. ಹಿಂದಿನ ಸಾಲು, ಅಪ್ಪ, ದೊಡ್ಡ ಅಂಗಿ. ಗೆರೆ ಇಲ್ಲ. ಬಲಗಡೆಯ ಹುಡುಗನ ಮೇಲೂ ಇಲ್ಲ. ಅಮ್ಮ ಅತ್ತರು, ನಾನೂ ಅತ್ತೆ. ಸಂಚಿಕೆಯಲ್ಲಿ ಅದು ಅರ್ಧ ಪುಟ ಬಂತು, ಅಧ್ಯಕ್ಷರ ಫೋಟೋದ ಎದುರು ಪುಟದಲ್ಲಿ.

ಮುಂದಿನ ಆಯುಧಪೂಜೆಗೆ ದೊಡ್ಡಮ್ಮ ಮತ್ತೆ ಬಂದರು. ಸ್ಕ್ಯಾನರ್ ಈ ಸಲವೂ ಸಾಲಿನಲ್ಲಿತ್ತು. ನಾನು ಬಟ್ಟಲು ಕೊಡಲು ಎದ್ದೆ, ಅಷ್ಟರಲ್ಲಿ ಅಮ್ಮ ತಾವೇ ತೆಗೆದುಕೊಂಡಾಗಿತ್ತು. ಕುಂಕುಮಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿದರು. ಗಾಜಿನ ಹತ್ತಿರ ಹೋಗದೆ, ಮುಚ್ಚಳದ ಮೇಲೆ ನಡುವಿಗೆ ದುಂಡಗೆ ಒಂದು ಬೊಟ್ಟು ಇಟ್ಟರು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು:

"ಯಾರು ಹಚ್ಚುದು ಅಂತ ಅಲ್ಲ ಅಕ್ಕ, ಎಲ್ಲಿ ಹಚ್ಚುದು ಅಂತ ನೋಡ್ಬೇಕು."