ಸಣ್ಣ ಕಣದ ಪೈಪು

ವಿದ್ಯುತ್ ಸ್ಥಾವರದಲ್ಲಿ ಎಲ್ಲರೂ ಅವನನ್ನು 'ಭೂತಗನ್ನಡಿ' ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಬಾಯ್ಲರ್ ಆರಿಸಿದಾಗ ಉಗಿಯ ಪೈಪುಗಳನ್ನು ಉಜ್ಜಿ, ಆಸಿಡ್ ಸವರಿ, ತೆಳು ಹಾಳೆ ಒತ್ತಿ ಅಚ್ಚು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವನ ಕೆಲಸ. ಉಕ್ಕಿನ ಒಳಗೂ ಕಲ್ಲುಸಕ್ಕರೆಯಲ್ಲಿದ್ದಂತೆ ಕಣಗಳು ಒತ್ತೊತ್ತಾಗಿ ಕೂತಿರುತ್ತವೆ. ಮೂವತ್ತು ವರ್ಷ ಅವುಗಳನ್ನೇ ನೋಡಿ ಅವನು ಕಣ್ಣು ಸವೆಸಿದ್ದ.

ಒಮ್ಮೆ ದೊಡ್ಡ ತಪ್ಪು ಮಾಡಿದವನೂ ಅವನೇ. ಒಂಬತ್ತು ವರ್ಷದ ಹಿಂದೆ ಮುಖ್ಯ ಪೈಪಿನ ತಿರುವು ಬದಲಾಯಿಸುವಾಗ ಅವನ ಮುಂದೆ ಎರಡು ಪೈಪುಗಳಿದ್ದವು. ಒಂದರ ಕಣ ದಪ್ಪ, ಇನ್ನೊಂದರದು ತೀರಾ ಸಣ್ಣ. ಈ ಮಹಾರಾಯನೋ ಕಮ್ಮಾರನ ಮಗ. ಮುರಿದ ಕೊಡಲಿಯಲ್ಲಿ ಕಣ ಸಣ್ಣಗಿದ್ದರೆ ಕಬ್ಬಿಣ ಗಟ್ಟಿ ಎಂದು ಅಪ್ಪನಿಂದ ಕಲಿತವನು, ಎದೆತಟ್ಟಿ ಸಣ್ಣದನ್ನೇ ಆರಿಸಿದ. ತಣ್ಣಗಿರುವ ಕೊಡಲಿಗೆ ಅದು ಸರಿ. ಸದಾ ಕಾದೇ ಇರುವ ಪೈಪಿನಲ್ಲಿ ಕಣಗಳು ತಮ್ಮ ಅಂಚಿನಲ್ಲಿ ಜಾರುತ್ತವೆ. ಕಣ ಸಣ್ಣದಾದಷ್ಟೂ ಅಂಚು ಹೆಚ್ಚು, ಜಾರುವುದೂ ಹೆಚ್ಚು. ಪೈಪು ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ, ಆಮೇಲೆ ಒಂದು ದಿನ ಸಿಡಿಯುತ್ತದೆ.

ಈ ಸಲ ಆ ತಿರುವಿನಿಂದ ತೆಗೆದ ಅಚ್ಚಿನಲ್ಲಿ ಕಣಗಳ ಅಂಚುಗಳುದ್ದಕ್ಕೂ ಕಪ್ಪು ಚುಕ್ಕೆಗಳಿದ್ದವು. ಕೆಲವು ಕೂಡಿಕೊಂಡು ಬಿರುಕಿನ ಗೆರೆಯಾಗಿದ್ದವು. ಆ ತಿರುವಿನ ಕೆಳಗೇ ಅವನ ಮಗಳು ಮೀಟರು ನೋಡಲು ಕೂರುತ್ತಿದ್ದಳು.

"ಅಲ್ರೀ, ಇದು ನೀವೇ ಆರಿಸಿದ ಪೈಪಲ್ವಾ?" ಎಂದರು ಮ್ಯಾನೇಜರು.

"ತಪ್ಪು ನಂದೇ ಸಾರ್, ಬರೆದು ಕೊಡ್ತೀನಿ. ಬಾಯ್ಲರ್ ಮಾತ್ರ ಹಚ್ಚಬೇಡಿ."

"ಹೊಸದು ಬರೋಕೆ ಆರು ವಾರ ಬೇಕು. ಅಲ್ಲೀವರೆಗೆ ಊರಿಗೆಲ್ಲ ಕತ್ತಲೆ ಹಂಚಲಾ?"

ಅವನು ಬರೆದುಕೊಟ್ಟ ಕಾಗದ ಮ್ಯಾನೇಜರ ಮೇಜಿನ ಮೇಲೇ ಉಳಿಯಿತು. ಸೋಮವಾರ ಬೆಳಿಗ್ಗೆ ಬಾಯ್ಲರ್ ಹಚ್ಚುವುದೆಂದು ತೀರ್ಮಾನವಾಯಿತು.

ಭಾನುವಾರ ಊಟಕ್ಕೆ ಕೂತಾಗ ಅವನು ಮಗಳಿಗೆ ಎಲ್ಲ ಹೇಳಿದ. "ಹುಷಾರಿಲ್ಲ ಅಂತ ರಜೆ ಹಾಕಮ್ಮ."

"ನಾನು ಹೋಗದಿದ್ರೆ ಕುರ್ಚಿ ಖಾಲಿ ಇರುತ್ತಾ ಅಪ್ಪಾ? ಇನ್ಯಾರನ್ನೋ ಕೂರಿಸ್ತಾರೆ."

ಆ ಇನ್ಯಾರೋ ಒಬ್ಬರ ನೆನಪು ತನಗೆ ಬರಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನ ಅವನು ಒಂದು ಸ್ಟೂಲು ತಂದು ಅವಳ ಪಕ್ಕದಲ್ಲಿ ಹಾಕಿಕೊಂಡ.

"ನಿನ್ನ ಕೆಲಸ ಮುಗೀತಲ್ಲಪ್ಪಾ, ಮನೆಗೆ ಹೋಗು."

"ಪೈಪು ಆರಿಸಿದವನು ನಾನು. ಇಲ್ಲೇ ಕೂರ್ತೀನಿ. ನೀನು ಮೀಟರು ನೋಡು."

ತಲೆಯ ಮೇಲಿನ ಪೈಪಿಗೆ ಉಗಿ ಬಿಟ್ಟರು. ಮೀಟರಿನ ಮುಳ್ಳು ಮೇಲೇರತೊಡಗಿತು, ಅವಳು ಪ್ರತಿ ಅಂಕಿಯನ್ನೂ ಅವನಿಗೆ ಕೇಳುವಂತೆ ಓದಿದಳು.