ಬಡಿಗೇರ ಮೌನೇಶಣ್ಣನ ಉಲ್ಟಾ ಬಾಣ

ನಂಬಲಿಲ್ಲ...
ಬೆಳಿಗ್ಗೆ ವಾಟ್ಸಪ್ ಗ್ರೂಪಿನಲ್ಲಿ ಮೌನೇಶಣ್ಣನ ಶ್ರದ್ಧಾಂಜಲಿ ಫೋಟೋ ನೋಡಿದಾಗ ನಾನು ನಂಬಲೇ ಇಲ್ಲ.

ಹೋದ ವರ್ಷವೂ ಯಾರೋ ಹೀಗೇ ಹಾಕಿದ್ದರು.
ಗಾಬರಿಯಾಗಿ ಫೋನ್ ಮಾಡಿದರೆ ಮೌನೇಶಣ್ಣ ತಾನೇ ಎತ್ತಿದ್ದ.
"ಸತ್ತೀಯೇನು ಅಂತ ಕೇಳಾಕ ಸತ್ತಾವ್ಗ ಫೋನ್ ಮಾಡೀಯಲ್ಲೋ. ನಿನ್ನ ತೆಲಿಯಾಗ ಗಾಳಿ ಹೊಕ್ಕೈತಿ" ಅಂದಿದ್ದ.

ಇವತ್ತು ಫೋನ್ ಎತ್ತಿದ್ದು ಅವನ ಮಗಳು.
"ಕಾಕಾ, ಚಾ ಕುಡದ್ರು, ಬಿಸಲಿಗೆ ಕಾಲು ಚಾಚಿ ಕುಂತ್ರು... ಹಂಗ ಹ್ವಾದ್ರು. ತ್ರಾಸ ಆಗ್ಲಿಲ್ರಿ" ಅಂದಳು.

ಒಂದೊಂದು ಉಸಿರಿಗೂ ಅವನು ಪಡುತ್ತಿದ್ದ ಪಾಡನ್ನು ಕಂಡವನು ನಾನು.
ಸುಳ್ಳು ಯಾಕೆ ಹೇಳಲಿ...
ಅಳುವಿಗಿಂತ ಮೊದಲು ಬಂದದ್ದು ನಿರಾಳ.

ಚಿಕ್ಕೇರೂರಿನ ಬಡಿಗೇರ ಮೌನೇಶ ಯಾರು ಅಂತ ನಿಮಗೆ ಗೊತ್ತಿಲ್ಲ.
ಗೊತ್ತಿರಬೇಕಿತ್ತು.

ನನ್ನ ಪೋಸ್ಟ್ ಓದುವವರಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು.
ಬರೆದ ಕೋಡ್ ಬಚ್ಚಿಡದೆ ನೆಟ್ಟಿಗೆ ಹಾಕುತ್ತೀರಿ. ಕಲಿತದ್ದನ್ನು ಕನ್ನಡದಲ್ಲೇ ವಿಡಿಯೋ ಮಾಡಿ ಹಂಚುತ್ತೀರಿ. ತಪ್ಪಿದ್ದರೆ ಯಾರೋ ಮುಖ ಕಾಣದವರು ತಿದ್ದುತ್ತಾರೆ.
ಇದೆಲ್ಲ ಈಗ ಹುಟ್ಟಿದ್ದು ಅಂದುಕೊಂಡಿದ್ದೀರಿ...
ಅಲ್ಲ.
ಅರವತ್ತರ ದಶಕದಲ್ಲಿ ನಮ್ಮ ಹಿರೇಕೆರೂರು ಸೀಮೆಯಲ್ಲಿ ಒಬ್ಬ ಬಡಿಗ ಇದನ್ನೇ ಮರದ ತುಂಡಿನ ಮೇಲೆ ಮಾಡಿದ್ದ.

ಆಗ ಬಾವಿಗಳಿಗೆ ಡೀಸೆಲ್ ಎಂಜಿನ್ ಬರತೊಡಗಿದ್ದ ಕಾಲ.
ಟ್ಯಾಂಕಿನ ಎಣ್ಣೆ ಪೂರ್ತಿ ಮುಗಿದರೆ ನಳಿಗೆಯಲ್ಲಿ ಗಾಳಿ ತುಂಬುತ್ತದೆ. ಮತ್ತೆ ಎಣ್ಣೆ ಹಾಕಿದರೂ ಎಂಜಿನ್ ಏಳುವುದಿಲ್ಲ.
ಒಂದು ಸಣ್ಣ ಹಿತ್ತಾಳೆ ತಿರುಪು ಸಡಿಲಿಸಿ ಗಾಳಿ ಬಿಡಬೇಕು, ಮತ್ತೆ ಬಿಗಿಯಬೇಕು.
ಅಷ್ಟೇ ವಿದ್ಯೆ.

ಅಷ್ಟಕ್ಕೆ ಎಂಜಿನ್ ಮಾರುವ ಏಜೆಂಟ್ ಮಿಸ್ತ್ರಿಯನ್ನು ಕಳಿಸುತ್ತಿದ್ದ. ಆ ಮಿಸ್ತ್ರಿ ಎಂಜಿನ್ ಮೇಲೆ ಟವೆಲ್ ಹೊದಿಸಿ, ಅದರೊಳಗೆ ಕೈ ಹಾಕಿ ತಿರುಪು ತಿರುವುತ್ತಿದ್ದ.
ರೈತ ನೋಡಬಾರದು... ಕಲಿಯಬಾರದು...
ವಿದ್ಯೆಯನ್ನು ಟವೆಲ್ ಕೆಳಗೆ ಬಚ್ಚಿಟ್ಟು ಮಾರುವವರನ್ನು ಕಳ್ಳರು ಅನ್ನದೆ ಏನನ್ನಲಿ?

ಮೌನೇಶಣ್ಣ ಆ ಏಜೆಂಟನ ಅಂಗಡಿಯಲ್ಲೇ ಕೆಲಸಕ್ಕಿದ್ದ. ಬಿಟ್ಟು ಬಂದ.
ಮರದಲ್ಲಿ ಅಚ್ಚು ಕೆತ್ತಿದ. ಎಂಜಿನ್ನಿನ ಚಿತ್ರ, ತಿರುಪು ಎಲ್ಲಿದೆ, ಯಾವ ಕಡೆ ತಿರುವಬೇಕು ಅಂತ ಒಂದು ಬಾಣ, ಪಕ್ಕದಲ್ಲಿ "ಸಡಿಲ ಮಾಡಿರಿ".
ಅವನೂ, ಅವನ ಬೆನ್ನು ಹತ್ತಿದ್ದ ಹುಡುಗ ನಾನೂ ಸೇರಿ ಹಾಳೆಯ ಮೇಲೆ ಮಸಿಯಲ್ಲಿ ಒತ್ತಿದೆವು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು... ಸಂತೆ ಸಂತೆಗೆ ಸೈಕಲ್ ಮೇಲೆ ಹೋಗಿ ಪುಕ್ಕಟೆ ಹಂಚಿದೆವು.

ಆಮೇಲೆ ಹಾನಗಲ್ ಸಂತೆಯಲ್ಲಿ ಒಬ್ಬ ರೈತ ಬಂದು ಮುರಿದ ತಿರುಪನ್ನು ಅಂಗೈ ಮೇಲೆ ಹಿಡಿದ.
"ನಿನ್ನ ಹಾಳಿ ಹೇಳ್ದಂಗ ತಿರುವಿದೆ ಬಡಿಗೇರ. ತೆಲಿ ಕಿತಗೊಂಡು ಬಂತು. ಮೆಣಸಿನ ಸಸಿ ಒಣಗಾಕತ್ತಾವ."

ಮೌನೇಶಣ್ಣಾ... ಆವತ್ತಿನ ನಿನ್ನ ಮುಖ ನನಗೆ ಇನ್ನೂ ಕಾಣುತ್ತಿದೆ.
ಅಚ್ಚು ಒತ್ತಿದರೆ ಎಲ್ಲ ತಿರುವುಮುರುವಾಗುತ್ತದೆ ಅಂತ ನಿನಗೆ ಗೊತ್ತಿತ್ತು. ಅಕ್ಷರಗಳನ್ನೆಲ್ಲ ಜೋಪಾನವಾಗಿ ತಿರುವಿ ಕೆತ್ತಿದ್ದೆ.
ಬಾಣವನ್ನು ಮಾತ್ರ ನೆಟ್ಟಗೆ ಕೆತ್ತಿಬಿಟ್ಟಿದ್ದೆ...
ಹಾಳೆಯಲ್ಲಿ ಮಾತು ಸಡಿಲ ಮಾಡು ಅನ್ನುತ್ತಿತ್ತು, ಬಾಣ ಬಿಗಿ ಮಾಡು ಅನ್ನುತ್ತಿತ್ತು.

ಏಜೆಂಟನಿಗೆ ಹಬ್ಬ.
"ಹಾಳಿ ನೋಡಿ ಇಂಜನ್ ರಿಪೇರಿ ಮಾಡಾವ್ರು, ನಾಳೆ ಹಾಳಿ ನೋಡಿ ಹೆರಿಗೀನೂ ಮಾಡಸ್ತಾರ ಬಿಡ್ರಿ" ಅಂತ ಸಂತೆ ತುಂಬ ನಗಿಸಿದ.

ನೀನು ಆ ರೈತನಿಗೆ ಹೊಸ ತಿರುಪು ಹಾಕಿಕೊಟ್ಟು ಬಂದು, ಸಂತೆಯ ನಡುವೆ ನಿಂತೆ.
"ತಪ್ಪು ನಂದ. ಬಾಣ ಉಲ್ಟಾ ಐತಿ. ಅಕ್ಷರ ನಂಬ್ರಿ, ಬಾಣ ನಂಬಬ್ಯಾಡ್ರಿ."
"ಸುಮ್ನಿರೋ ಅಣ್ಣಾ, ಅವ ಇನ್ನಷ್ಟು ನಗ್ತಾನ" ಅಂದೆ ನಾನು.
"ನಗ್ಲಿ. ಅವ ನಕ್ರ ಇಂಜನ್ ಕೆಡೂದಿಲ್ಲ" ಅಂದೆ ನೀನು.

ನಾನು ಮುಂದೆ ಎಷ್ಟೋ ಚಳವಳಿಗಳಲ್ಲಿ ಮೈಕ್ ಹಿಡಿದೆ.
ಅಷ್ಟು ಗಟ್ಟಿ ಮಾತು ಒಂದನ್ನೂ ಆಡಲಿಲ್ಲ.

ಹಂಚಿದ ದಾರಿಯಲ್ಲೇ ಮತ್ತೆ ತಿರುಗಿದೆವು. ಇನ್ನೆಷ್ಟು ಎಂಜಿನ್ ಕೆಟ್ಟವೋ ಅಂತ ನಿನಗೆ ಊಟ ಸೇರುತ್ತಿರಲಿಲ್ಲ.
ಹತ್ತಿಮತ್ತೂರಿನಲ್ಲಿ ಬಸವ್ವ ಅನ್ನುವ ರೈತ ಹೆಣ್ಣುಮಗಳು ನಮ್ಮ ಮಾತು ಮುಗಿಯಲು ಬಿಡಲಿಲ್ಲ.
"ಈಗ ಬಂದ್ರೇನ್ರಿ? ಗಂಡ ಒಂದು ಹೇಳಿ ಅತ್ತಿ ಒಂದು ಹೇಳಿದಂಗಿತ್ತು ನಿಮ್ಮ ಹಾಳಿ. ಒಂಚೂರು ತಿರುವಿದೆ, ಬಿಗಿ ಆತು. ಹೊಳ್ಳಿ ತಿರುವಿದೆ, ಗಾಳಿ ಬಿಡ್ತು. ಇದ್ಲಿ ತಗೊಂಡು ಬಾಣ ತಿದ್ದೇನಿ. ಓಣ್ಯಾಗ ಎಲ್ಲಾರ ಹಾಳೀನೂ ತಿದ್ದಿ ಕೊಟ್ಟೇನಿ. ಕುಂತ್ರಿ, ಮಜ್ಜಿಗಿ ಕುಡೀರಿ."

ಅವಳ ಕಟ್ಟೆಯ ಮೇಲೆ ಕುಸಿದು ಕೂತು ನೀನು ನಕ್ಕ ನಗೆ...
ಅಷ್ಟು ಹಗುರವಾಗಿ ನೀನು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ನೀನು ಹೊಸ ಅಚ್ಚು ಕೆತ್ತಿದೆ. ಅಡಿಯಲ್ಲಿ ಒಂದು ಸಾಲು ಸೇರಿಸಿದೆ:
"ತಪ್ಪು ಕಂಡರೆ ತಿದ್ದಿರಿ. ತಿದ್ದಿದ್ದನ್ನು ಮುಂದಿನವರಿಗೆ ಕೊಡಿರಿ."

ಎಲ್ಲ ಊರಿನವರೂ ಸಿಕ್ಕರು. ತಡಸದ ಕಡೆ ಹೋದ ಹಾಳೆಗಳು ಮಾತ್ರ ಯಾರ ಕೈ ಸೇರಿದವೋ ತಿಳಿಯಲಿಲ್ಲ.
ಹೋದ ತಿಂಗಳು ನೋಡಲು ಬಂದಾಗಲೂ, ಏದುಸಿರಿನ ನಡುವೆ ನೀನು ಕೇಳಿದ್ದು ಅದನ್ನೇ.
"ತಡಸದಾಗ ಯಾರದರ ಇಂಜನ್ ಕೆಡಿಸಿದ್ನೇನೋ..."
ಅವೆಲ್ಲ ಗುಜರಿಗೆ ಹೋಗಿ ಎಷ್ಟು ಕಾಲವಾಯಿತು ಅಂದರೂ ನಿನಗೆ ಸಮಾಧಾನವಿಲ್ಲ.

ಗೆಳೆಯರೇ, ಈ ಪೋಸ್ಟ್ ಬರೆಯಲು ಕೂತದ್ದು ಅದಕ್ಕೇ...
ಮಧ್ಯಾಹ್ನ ಅದೇ ಗ್ರೂಪಿಗೆ ತಡಸದ ಒಬ್ಬರು ಒಂದು ಫೋಟೋ ಕಳಿಸಿದರು. "ನಮ್ಮ ಅಜ್ಜಾರ ಪಾನಾ ಪೆಟಿಗ್ಯಾಗ ಇವರ ಹಾಳಿ ಐತ್ರಿ" ಅಂತ.
ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ, ಎಣ್ಣೆ ಕುಡಿದು ಕಂದಿದ ಹಾಳೆ. ನಮ್ಮ ಮೊದಲ ಅಚ್ಚು.
ಬಾಣಕ್ಕೆ ಅಡ್ಡ ಗೀಟು ಹೊಡೆದು, ಪಕ್ಕದಲ್ಲಿ ಇನ್ನೊಂದು ಬಾಣ ಬರೆದಿದೆ.
ಯಾರ ಕೈಯೋ ಗೊತ್ತಿಲ್ಲ.
ದಿಕ್ಕು ಸರಿ ಇದೆ.

ಮೌನೇಶಣ್ಣಾ... ತಡಸದಲ್ಲೂ ತಿದ್ದಿಕೊಂಡಿದ್ದಾರೆ.
ಇನ್ನು ಉಸಿರಿನ ತ್ರಾಸವೂ ಇಲ್ಲ, ಆ ಬಾಣದ ಚಿಂತೆಯೂ ಇಲ್ಲ.
ಹೋಗಿ ಬಾ ಅಣ್ಣಾ...
ನಿನ್ನ ಜೀವ ತಣ್ಣಗಿರಲಿ.