ಭಾವನ ಮಿಲಿಟ್ರಿ ಬಣ್ಣ

ನಮ್ಮ ಶ್ರೀಧರ ಭಾವ ಊಟಕ್ಕೆ ಕೂತಾಗಲೂ ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಹಸಿರೋ ಕಂದೋ ಒಂದು ಮಚ್ಚೆ ಇದ್ದೇ ಇರುತ್ತಿತ್ತು. ಬಣ್ಣ ಗಟ್ಟಿಯಾಯ್ತಾ, ನೀರಾಯ್ತಾ ಅಂತ ಬ್ರಷ್ಷನ್ನು ಮೊದಲು ಉಗುರಿಗೆ ಮುಟ್ಟಿಸಿ ನೋಡುವುದು ಅವರ ಅಭ್ಯಾಸ. ಕೈ ತೊಳೆದು ಬನ್ನಿ ಅಂದರೆ, "ತೊಳೆದೇ ಬಂದಿದ್ದು ಮಾರಾಯ್ತಿ, ಇದು ಸಾರಿಗೆ ಬಿಡೋ ಬಣ್ಣ ಅಲ್ಲ" ಅನ್ನುತ್ತಿದ್ದರು.

ಭಾವ ಅಂದರೆ ನಮ್ಮನೆಯವರ ಅಣ್ಣ. ಮದುವೆಯಾಗಲಿಲ್ಲ. ಕಾರ್ಗಲ್ಲಿನ ಕೆಲಸದಿಂದ ರಿಟೈರಾದ ಮೇಲೆ ಸಾಗರಕ್ಕೆ, ನಮ್ಮ ಮನೆಗೇ ಬಂದರು. ಬರುವಾಗ ಟ್ರಂಕಿನ ತುಂಬ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸಿಪಾಯಿಗಳು. ಮೇಜಿನ ಮೇಲೆ ಅವನ್ನು ನಿಲ್ಲಿಸಿ, ದಾಳ ಹಾಕಿ, ಟೇಪಿನಲ್ಲಿ ಅಳೆದು ಮುಂದೆ ನಡೆಸಿ ಇಬ್ಬರು ಯುದ್ಧ ಆಡುವುದು. ಎದುರಾಳಿ ಮೋಹನಣ್ಣ, ಭಾವನ ಹಳೇ ಗೆಳೆಯ, ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟವರು. ಭಾನುವಾರ ಬಸ್ಸಿಗೆ ಬರುತ್ತಿದ್ದರು. ನಮ್ಮ ಊಟದ ಮೇಜೇ ರಣರಂಗ. ಏಕಾದಶಿ ದಿನ ನನ್ನ ಮನೆಯಲ್ಲಿ ಯಾರನ್ನೂ ಕೊಲ್ಲಕೂಡದು ಅಂತ ನಾನು ಹೇಳಿಬಿಟ್ಟಿದ್ದೆ. "ಹಂಗಾದ್ರೆ ಇವತ್ತು ಬರೀ ಗಾಯ ಮಾಡ್ತೀವಿ ಸುಮಿತ್ರಾ" ಅಂತ ಮೋಹನಣ್ಣ ರೇಗಿಸುತ್ತಿದ್ದರು.

ಭಾವನಿಗೆ ಆಟಕ್ಕಿಂತ ಬಣ್ಣವೇ ಹೆಚ್ಚು. ಪೊದೆಯಲ್ಲಿ ಅಡಗಿದ ಸಿಪಾಯಿ ಕಣ್ಣಿಗೆ ಬೀಳಬಾರದು ಅಂತ ಬಟ್ಟೆಯ ಮೇಲೆ ಹಸಿರು, ಕಂದು, ಕಪ್ಪು ತೇಪೆ ತೇಪೆಯಾಗಿ ಇರುತ್ತದಲ್ಲ, ಆ ಮಿಲಿಟ್ರಿ ಬಣ್ಣ. ಹಿತ್ತಲಿನ ಅರಿಶಿನದ ಗಿಡದ ಬುಡದಲ್ಲಿ ಸಿಪಾಯಿಯನ್ನು ನಿಲ್ಲಿಸಿ, ದೂರ ಹೋಗಿ, ಬಗ್ಗಿ ಬಗ್ಗಿ ನೋಡುತ್ತಿದ್ದರು. "ಅಂಚು ಕಾಣಬಾರದು ಮಾರಾಯ್ತಿ. ತೇಪೆ ತೋಳ ಮೇಲೆ ಶುರುವಾಗಿ ಎದೆ ಮೇಲೆ ಮುಗೀಬೇಕು. ಆವಾಗ ತೋಳು ಯಾವುದು ಎದೆ ಯಾವುದು ಗೊತ್ತಾಗೂದಿಲ್ಲ."

ಒಂದು ಭಾನುವಾರ ಭಾವ ಸೋತರು. ಮೇಜಿನ ಎಡತುದಿಯಲ್ಲಿ ಪೊದೆ ಅಂತ ಇಟ್ಟಿದ್ದ ಪಾಚಿಯ ಗುಡ್ಡೆಯ ಪಕ್ಕ ನಿಲ್ಲಿಸಿದ್ದ ತಮ್ಮದೇ ಸಿಪಾಯಿಗಳನ್ನು ಕೊನೆಯವರೆಗೂ ನಡೆಸಲೇ ಇಲ್ಲ.

"ನೀ ಬಳಿದ ಬಣ್ಣಕ್ಕೆ ನೀನೇ ಮೋಸ ಹೋದ್ಯಲ್ಲೋ" ಅಂತ ಮೋಹನಣ್ಣ ನಕ್ಕರು. ಭಾವ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಅದೇ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಾಳೆಲೆ ಹಾಕಿ ಬಡಿಸಿದ್ದೆ. ಉಪ್ಪು, ಉಪ್ಪಿನಕಾಯಿ, ಚಟ್ನಿಗೆ ಎಲೆಯ ಎಡತುದಿ ಅಂತ ನಮ್ಮಲ್ಲಿ ಪದ್ಧತಿ. ಭಾವ ಉಂಡು ಮುಗಿಸಿ ಕೇಳಿದರು, "ಎಂತ, ಇವತ್ತು ಚಟ್ನಿ ಮಾಡ್ಲಿಲ್ವಾ?" ಎಲೆ ನೋಡಿದೆ. ಬಲಗಡೆ ಗುಡಿಸಿದ ಹಾಗಿತ್ತು. ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು, ಚಟ್ನಿ ಕೂಡ.

ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. "ಕಣ್ಣಿಗೇನೂ ಆಗಿಲ್ಲ. ಮಿದುಳಿನ ಒಂದು ಕಡೆ ರಕ್ತ ಹೆಪ್ಪುಗಟ್ಟಿದೆ. ಎಡಗಡೆ ಇರೋದು ಇವರ ಗಮನಕ್ಕೆ ಬರೋದಿಲ್ಲ. ಬರ್ತಿಲ್ಲ ಅನ್ನೋದೂ ಇವರಿಗೆ ತಿಳಿಯೋದಿಲ್ಲ" ಅಂದರು ಡಾಕ್ಟರು.

"ಆ ಡಾಕ್ಟ್ರಿಗೆ ಎಂತದೋ ಆಗಿದೆ. ನಂಗೆ ಎಲ್ಲ ಕಾಣ್ತದಲ್ಲ" ಅಂತ ಭಾವ ದಾರಿಯುದ್ದಕ್ಕೂ ಬೈದರು.

ಕೈಕಾಲು ಬೀಳಲಿಲ್ಲ, ಮಾತು ಹೋಗಲಿಲ್ಲ. ದೇವರು ಅಷ್ಟು ಉಳಿಸಿದ. ಅವತ್ತಿನಿಂದ ಚಟ್ನಿಯನ್ನು ಬಲಗಡೆ ಬಡಿಸಿದೆ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರೇನೋ. ದೇವರು ಬೈಯಲಿಲ್ಲ.

ಭಾವ ಬಣ್ಣ ಬಿಡಲಿಲ್ಲ. ಟ್ರಂಕಿನಲ್ಲಿ ಒಬ್ಬ ಸಿಪಾಯಿ ಬಾಕಿಯಿದ್ದ. ಅವನನ್ನು ಮುಗಿಸಿ ಪೂರ್ತಿ ಪಡೆ ಇಳಿಸಿ ಒಂದಾಟ ಆಡಬೇಕು ಅನ್ನುವುದೊಂದೇ ಅವರ ಹಟ. ಒಂದು ಮಧ್ಯಾಹ್ನ ಅವನನ್ನು ತಂದು ನನ್ನ ಕೈಗಿಟ್ಟರು. "ಮುಗೀತು. ಮೋಹನಂಗೆ ಫೋನ್ ಮಾಡು."

ಒಂದು ಬದಿ ಎಂದಿನ ಹಾಗೇ ಚಂದ. ಇನ್ನೊಂದು ಬದಿ ಬೂದು ಪ್ಲಾಸ್ಟಿಕ್ಕು. ಹೆಲ್ಮೆಟ್ಟಿನಿಂದ ಬೂಟಿನವರೆಗೆ ಒಂದು ತೊಟ್ಟು ಬಣ್ಣವಿಲ್ಲ.

"ಆಯ್ತು ಭಾವ, ಮಾಡ್ತೀನಿ" ಅಂದೆ.

ಮೋಹನಣ್ಣ ಬಂದರು. ಆ ಸಿಪಾಯಿಯನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಬಣ್ಣದ ಬದಿ ಭಾವನ ಕಡೆಗೆ ಮಾಡಿ ಮೇಜಿನ ಮೇಲಿಟ್ಟರು. ಆಟದಲ್ಲಿ ಒಂದಂಗುಲವೂ ಬಿಟ್ಟುಕೊಡದ ಮನುಷ್ಯ, ಅವತ್ತು ತಮ್ಮ ಪಡೆಯನ್ನೆಲ್ಲ ಭಾವನ ಬಲಗಡೆಗೇ ತಂದರು.

"ಎಂತ ಮಾರಾಯಾ, ಇವತ್ತು ನಿನ್ನ ಸಿಪಾಯಿಗಳೆಲ್ಲ ಕಣ್ಣಿಗೆ ಬೀಳ್ತಿದಾರಲ್ಲ" ಅಂದರು ಭಾವ.

"ನಂಗೆ ನಿನ್ನಷ್ಟು ಚಂದ ಬಣ್ಣ ಬಳಿಯೋಕೆ ಬರೂದಿಲ್ಲ ಕಣೋ."

ಭಾವ ಗೆದ್ದರು. ಎರಡು ಲೋಟ ಕಾಫಿ ಕುಡಿದರು.

ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ತಿಂಡಿಗೆ ಕರೆಯಲು ಹೋದರೆ ಏಳಲಿಲ್ಲ. ನರಳದೆ ಹೋದರು, ಅದೊಂದು ಉಪಕಾರ. ತಮಗೇನಾಗಿದೆ ಅಂತ ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ, ಅದಿನ್ನೊಂದು. ನನಗೆ ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ದೀಪ ಹಚ್ಚುತ್ತೇನೆ, ಅನ್ನ ಬಸಿಯುತ್ತೇನೆ, ದಿನ ಹೋಗುತ್ತದೆ.

ವೈಕುಂಠ ಸಮಾರಾಧನೆಗೆ ಬಂದ ಮೋಹನಣ್ಣ ಟ್ರಂಕನ್ನು ತೆಗೆದುಕೊಂಡು ಹೋದರು. ಅರ್ಧ ಬಣ್ಣದವನೊಬ್ಬನನ್ನು ನಾನು ಕೇಳಿ ಇಟ್ಟುಕೊಂಡೆ. ನಡುಮನೆಯ ಷೋಕೇಸಿನಲ್ಲಿ ಅವನ ಬೂದು ಬದಿಯನ್ನು ಈಚೆಗೆ ಮಾಡಿ ನಿಲ್ಲಿಸಿದ್ದೇನೆ. ಅಡುಗೆಮನೆಯಿಂದ ತಲೆಯೆತ್ತಿದರೆ ಸಾಕು, ಕಾಣುತ್ತಾನೆ.